ಖಂಡ್ವಾದ ಕಿಶೋರನ ಕಳ್ಳದನಿ

(ದಾವಣಗೆರೆಯಲ್ಲಿ ಹಳೆಯ ಹಾಡುಗಳ ಗೆಳೆಯರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಇವತ್ತು ಆಗಸ್ಟ್ 4, ಹಿಂದಿ ಚಿತ್ರಗಳ ಗಾಯಕ, ನಟ ಕಿಶೋರ್ ಕುಮಾರ್ ಹುಟ್ಟಿದ ದಿನ. ಹೊರಗೆ ಜಿಟಿಜಿಟಿ ಮಳೆ. ಪಕ್ಕದ ಗಾಡಿಯಿಂದ ಮಿರ್ಚಿ ಕರಿಯೋ ವಾಸನೆ ಇಲ್ಲಿವರೆಗೂ ಬರ್ತಾ ಇದೆ. ಅದನ್ನ ಬಿಟ್ಟು ನೀವು ಒಳಗೆ ಬಂದು ಕೂತಿದ್ದೀರಿ. ದೊಡ್ಡ ತ್ಯಾಗ. ಜಾಸ್ತಿ ಹೊತ್ತು ಕೂರಿಸುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಸಂಗೀತ ವಿದ್ವಾಂಸ ಅಲ್ಲ. ಎಂಬತ್ತರ ದಶಕದಲ್ಲಿ ಈ ಊರಿನ ಒಂದು ಸಣ್ಣ ಆರ್ಕೆಸ್ಟ್ರಾದಲ್ಲಿ ತಬಲ, ಡೋಲಕ್ ಬಾರಿಸಿದವನು. ಗಣೇಶನ ಹಬ್ಬ ಬಂದರೆ ಹರಿಹರ, ಚನ್ನಗಿರಿ, ಹೊಳಲ್ಕೆರೆ ಅಂತ ಟೆಂಪೊದಲ್ಲಿ ಸುತ್ತುತ್ತಿದ್ದೆವು. ಒಂದು ರಾತ್ರಿ ನಮ್ಮ ಗಾಯಕನ ಗಂಟಲು ಕಟ್ಟಿತು. ಜನ ಕಿಶೋರ್ ಹಾಡು ಬೇಕು ಅಂತ ಕೂಗುತ್ತಿದ್ದರು. ನಾನು ಡೋಲಕ್ ಕೆಳಗಿಟ್ಟು ಮೈಕ್ ಹಿಡಿದೆ. ಪಲ್ಲವಿ ಹೇಗೋ ಮುಗೀತು. ಆಮೇಲೆ ಬಂತು ನೋಡಿ, ಅವನ 'ಯೋಡ್ಲಿ ಯೋಡ್ಲಿ ಊ'. ಕೋಳಿಯ ಕತ್ತು ಹಿಚುಕಿದ ಹಾಗೆ ಒಂದು ಸದ್ದು ನನ್ನ ಬಾಯಿಂದ ಹೊರಟಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸ್ಟೇಜಿನ ಹಿಂದೆ ಒಬ್ಬ ಮುದುಕರು ಬೀಡಿ ಸೇದುತ್ತಾ ಕೂತಿದ್ದರು. ಕಂಪನಿ ನಾಟಕಗಳಲ್ಲಿ ಹಾಸ್ಯದ ಪಾತ್ರ ಮಾಡಿ ಬಿಟ್ಟವರು. ನನ್ನ ಮುಖ ನೋಡಿ ಹೇಳಿದರು: "ತಮ್ಮಾ, ನಿನ್ನ ದನಿ ತಾನಾಗಿ ಒಡೀತು. ಅವನು ಬೇಕಂತ ಒಡೀತಾನೆ."

ಆ ಮಾತನ್ನು ನಲವತ್ತು ವರ್ಷದಿಂದ ತಲೆಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೇನೆ. ಇವತ್ತಿನ ಉಪನ್ಯಾಸ ಅಂದರೆ ಅಷ್ಟೇ, ಆ ಮಾತನ್ನ ಸ್ವಲ್ಪ ಬಿಡಿಸಿ ಹೇಳುವುದು.

ಆ ಮುದುಕರಿಗೆ ಅದು ಹೇಗೆ ಹೊಳೆಯಿತು ಅನ್ನುವುದು ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು. ಕಂಪನಿ ನಾಟಕದಲ್ಲಿ ಹಾಸ್ಯಗಾರ ಬರೀ ಮಾತಾಡಿ ಹೋದರೆ ಆಗುವುದಿಲ್ಲ. ಅವನಿಗೆ ಹಾಡು ಬೇಕು, ಕುಣಿತ ಬೇಕು. ಕಾಲುಪೆಟ್ಟಿಗೆಯವನ, ಅಂದರೆ ಕಾಲಲ್ಲಿ ತುಳಿಯುವ ಹಾರ್ಮೋನಿಯಂ ನುಡಿಸುವವನ ಜೊತೆ ಕಣ್ಣಲ್ಲೇ ಮಾತಾಡಿಕೊಂಡು, ತಾಳ ತಪ್ಪಿದ ಹಾಗೆ ಮಾಡಿ, ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಸರಿಯಾಗಿ ಬಂದು ಬೀಳಬೇಕು. ಜನ ಬಿದ್ದು ಬಿದ್ದು ನಕ್ಕು 'ಒನ್ಸ್ ಮೋರ್' ಅನ್ನಬೇಕು. ತಪ್ಪುವ ಹಾಗೆ ಮಾಡುವುದಕ್ಕೆ ತಪ್ಪದೆ ಹಾಡುವುದಕ್ಕಿಂತ ಜಾಸ್ತಿ ತಾಳಜ್ಞಾನ ಬೇಕು. ತಬಲ ಬಾರಿಸಿದವನ ಮಾತು ಇದು, ನಂಬಿ.

ಈಗ ಕಿಶೋರ್ ಹತ್ತಿರ ಹೋಗೋಣ. 1929ರ ಆಗಸ್ಟ್ 4ರಂದು ಇವತ್ತಿನ ಮಧ್ಯಪ್ರದೇಶದ ಖಂಡ್ವಾದಲ್ಲಿ ಹುಟ್ಟಿದ. ನಿಜವಾದ ಹೆಸರು ಆಭಾಸ್ ಕುಮಾರ್ ಗಂಗೂಲಿ. ಹೆಸರಲ್ಲೇ ಆಭಾಸ! ಕನ್ನಡದಲ್ಲಿ ಆ ಹೆಸರಿಟ್ಟಿದ್ದರೆ ಹುಡುಗನ ಗತಿ ಏನಾಗುತ್ತಿತ್ತೋ. ಬಂಗಾಳಿ ಮನೆ. ತಂದೆ ಕುಂಜಲಾಲ್ ವಕೀಲರು. ನಾಲ್ಕು ಮಕ್ಕಳಲ್ಲಿ ಇವನೇ ಕೊನೆಯವನು. ಹಿರಿಯಣ್ಣ ಅಶೋಕ್ ಕುಮಾರ್ ಇವನಿಗಿಂತ ಹದಿನೆಂಟು ವರ್ಷ ದೊಡ್ಡವರು. ಇವನು ಚಡ್ಡಿ ಹಾಕಿಕೊಂಡು ಓಡಾಡುವ ಹೊತ್ತಿಗೆ ಅವರು ಬಾಂಬೆ ಟಾಕೀಸಿನಲ್ಲಿ ದೊಡ್ಡ ನಟ. ಖಂಡ್ವಾ ಅಂದರೆ ಹತ್ತಿ ಬೆಳೆಯುವ ಸೀಮೆ, ರೈಲ್ವೆ ಜಂಕ್ಷನ್. ನಮ್ಮ ಊರೂ ಹತ್ತಿ, ಮಿಲ್ಲು, ರೈಲು ಅಂತಲೇ ಬೆಳೆದಿದ್ದು ಅಲ್ವಾ? ಅದಕ್ಕೇ ಇರಬೇಕು, ಆ ಮನುಷ್ಯ ನನಗೆ ಯಾವತ್ತೂ ದೂರದವನು ಅನ್ನಿಸಿಲ್ಲ.

ಚಿಕ್ಕವನಿದ್ದಾಗ ಇವನ ದನಿ ಒರಟಾಗಿತ್ತಂತೆ. ಒಮ್ಮೆ ಕಾಲಿಗೆ ಪೆಟ್ಟು ಮಾಡಿಕೊಂಡ. ನೋವಿಗೆ ದಿನಗಟ್ಟಲೆ ಬಿಡದೆ ಅತ್ತ. ಅತ್ತು ಅತ್ತು ಗಂಟಲು ತೆರೆಯಿತು ಅಂತ ಅಶೋಕ್ ಕುಮಾರ್ ಹೇಳುತ್ತಿದ್ದರು. ವೈದ್ಯರು ಒಪ್ಪುತ್ತಾರೋ ಇಲ್ಲವೋ, ಕಥೆ ಮಾತ್ರ ಚೆನ್ನಾಗಿದೆ. ಯಾವ ಗುರುವಿನ ಹತ್ತಿರವೂ ಕೂತು ಶಾಸ್ತ್ರೀಯ ಸಂಗೀತ ಕಲಿಯಲಿಲ್ಲ. ಆ ಕಾಲದ ದೊಡ್ಡ ಗಾಯಕ ಕೆ.ಎಲ್. ಸೈಗಲ್ ಅವರ ರೆಕಾರ್ಡುಗಳೇ ಪಾಠಶಾಲೆ. ಇಂದೋರಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದುವಾಗ ಕ್ಯಾಂಟೀನಿನವನಿಗೆ ಐದು ರೂಪಾಯಿ ಹನ್ನೆರಡಾಣೆ ಸಾಲ ಮಾಡಿದ್ದನಂತೆ. ಸಾಲಗಾರ ದುಡ್ಡು ಕೇಳಿದಾಗಲೆಲ್ಲ ಆ ಮೊತ್ತವನ್ನೇ ರಾಗ ಹಾಕಿ ಹಾಡುತ್ತಿದ್ದನಂತೆ. ಅದೇ ಮೊತ್ತ 1958ರ 'ಚಲ್ತಿ ಕಾ ನಾಮ್ ಗಾಡಿ'ಯಲ್ಲಿ ಹಾಡಾಗಿ ಬಂತು. ಸಾಲ ತೀರಿತೋ ಇಲ್ಲವೋ ಆ ಕ್ಯಾಂಟೀನಿನವನೇ ಹೇಳಬೇಕು.

1948ರಲ್ಲಿ 'ಜಿದ್ದಿ' ಚಿತ್ರಕ್ಕೆ ಸಂಗೀತ ನಿರ್ದೇಶಕ ಖೇಮ್‌ಚಂದ್ ಪ್ರಕಾಶ್ ಇವನಿಂದ ಹಾಡಿಸಿದರು. ಸಿಕ್ಕರೆ ಕೇಳಿ. ಪೂರ್ತಿ ಸೈಗಲ್. ಆ ಹೊತ್ತಿಗೆ ಅಣ್ಣನಿಗೆ ತಮ್ಮ ನಟನಾಗಬೇಕು ಅಂತ ಆಸೆ. ತಮ್ಮನಿಗೆ ಹಾಡಬೇಕು ಅಂತ ಆಸೆ. ಅಣ್ಣನೇ ಗೆದ್ದರು. ಇವನು ಶೂಟಿಂಗಿನಲ್ಲಿ ಚೇಷ್ಟೆ ಶುರು ಮಾಡಿದ. ಕೆಲಸದಿಂದ ತೆಗೆದುಹಾಕಲಿ ಅಂತ ಬೇಕಂತಲೇ ಹಾಗೆ ಮಾಡುತ್ತಿದ್ದೆ ಅಂತ ಮುಂದೆ ಅವನೇ ಹೇಳಿಕೊಂಡಿದ್ದಾನೆ. ಆದರೆ ಆ ಚೇಷ್ಟೆಯೇ ಜನಕ್ಕೆ ಹಿಡಿಸಿಬಿಡ್ತು!

ಐವತ್ತರ ದಶಕದ ಕಿಶೋರನನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ? ನಮಗೆಲ್ಲ ಗೊತ್ತಿರುವವನು ರೇಡಿಯೊ ಕಿಶೋರ್. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟ್ ಬಿದ್ದರೆ ನಾನು ಸೈಕಲ್ ನಿಲ್ಲಿಸಿ ಖುಷಿಯಾಗಿ ಕಾಯುತ್ತಿದ್ದೆ. ಅಲ್ಲೊಂದು ಸಣ್ಣ ಹೋಟೆಲಿನ ರೇಡಿಯೊದಲ್ಲಿ ವಿವಿಧ ಭಾರತಿ ಹಚ್ಚಿರುತ್ತಿದ್ದರು. ಗೂಡ್ಸ್ ಗಾಡಿ ಬಂದರೆ ಎರಡು ಹಾಡು ಗ್ಯಾರಂಟಿ. ಆ ಹಾಡುಗಳಲ್ಲಿ ನಾನು ಕೇಳಿದ್ದು ದುಃಖದ ಕಿಶೋರ್, ಪ್ರೇಮದ ಕಿಶೋರ್. ಅವನು ಒಂದು ಕಾಲದಲ್ಲಿ ನಾಯಕನಟ, ಅದೂ ಕಾಮಿಡಿ ನಾಯಕ ಅನ್ನುವುದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ವಿಡಿಯೊ ಕ್ಯಾಸೆಟ್ ಬಂದ ಮೇಲೆ ನೋಡಿದೆ. ಮನುಷ್ಯನಿಗೆ ಮೂಳೆಯೇ ಇಲ್ಲ! ಮುಖ, ಕೈ, ಕಾಲು ಎಲ್ಲ ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ, ಆದರೆ ತಾಳಕ್ಕೆ ಸರಿಯಾಗಿ ಬಂದು ಸೇರುತ್ತವೆ.

ಆ ಕಾಲದ ಸಂಗೀತ ನಿರ್ದೇಶಕರಿಗೆ ಇವನ ಮೇಲೆ ನಂಬಿಕೆ ಇರಲಿಲ್ಲ. 'ಇವನು ನಟ, ಹುಡುಗಾಟಕ್ಕೆ ಹಾಡ್ತಾನೆ' ಅನ್ನೋ ಭಾವನೆ. 1954ರ 'ನೌಕರಿ' ಚಿತ್ರಕ್ಕೆ ಇವನಿಂದ ಹಾಡಿಸೋಕೆ ಸಲಿಲ್ ಚೌಧರಿ ಮೊದಲು ಒಪ್ಪಲೇ ಇಲ್ಲ. ಹೇಮಂತ್ ಕುಮಾರ್ ಹಾಡಲಿ ಅಂದರು. ಕಾಡಿ ಬೇಡಿ ಕಿಶೋರ್ ಆ ಹಾಡು ಗಿಟ್ಟಿಸಿಕೊಂಡ. ಇನ್ನೊಂದು ತಮಾಷೆ ಕೇಳಿ. 1958ರ 'ರಾಗಿಣಿ'ಯಲ್ಲಿ ತೆರೆಯ ಮೇಲೆ ಹಾಡುತ್ತಿರುವವನು ಕಿಶೋರ್, ಆದರೆ ದನಿ ಮೊಹಮ್ಮದ್ ರಫಿ ಅವರದು! ಶಾಸ್ತ್ರೀಯ ಧಾಟಿಯ ಹಾಡು, ಇವನ ಕೈಲಿ ಆಗಲ್ಲ ಅಂತ. ಮರುವರ್ಷ 'ಶರಾರತ್'ನಲ್ಲೂ ಹಾಗೇ ಆಯಿತು. ಕಿಶೋರ್ ಕುಮಾರ್‌ಗೆ ಹಿನ್ನೆಲೆ ಗಾಯಕ! ಇದನ್ನ ಯಾರಾದರೂ ನಾಟಕದಲ್ಲಿ ಬರೆದಿದ್ದರೆ ಜಾಸ್ತಿ ಆಯ್ತು ಅಂತಿದ್ದೆವು.

ಅವನನ್ನ ಸರಿಯಾಗಿ ಗುರುತಿಸಿದವರು ಸಂಗೀತ ನಿರ್ದೇಶಕ ಎಸ್.ಡಿ. ಬರ್ಮನ್. ಸೈಗಲ್ ನಕಲು ಬಿಡು, ನಿನ್ನದೇ ದಾರಿ ಹುಡುಕು ಅಂತ ಹೇಳಿದರು. ಆ ದಾರಿಯಲ್ಲಿ ಸಿಕ್ಕಿದ್ದು ಯೋಡ್ಲಿಂಗ್. ನಡುವಿನ ಅಣ್ಣ ಅನೂಪ್ ಕುಮಾರ್ ಹತ್ತಿರ ವಿದೇಶಿ ರೆಕಾರ್ಡುಗಳಿದ್ದವು, ಅವುಗಳನ್ನ ಕೇಳಿ ಕಲಿತ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮ ದನಿಗೆ ಎರಡು ಮಹಡಿ ಇವೆ ಅಂದುಕೊಳ್ಳಿ. ಕೆಳಗಿನದು ಎದೆಯ ದನಿ. ಮೇಲಿನದು ಕಳ್ಳದನಿ, ಇಂಗ್ಲಿಷಿನವರು ಫಾಲ್ಸೆಟೊ ಅನ್ನುವ ತೆಳು ದನಿ. ಎರಡರ ನಡುವೆ ಒಂದು ಬಿರುಕಿದೆ. ಹುಡುಗರಿಗೆ ಹದಿನಾಲ್ಕು ವರ್ಷಕ್ಕೆ ದನಿ ಒಡೆಯುತ್ತದಲ್ಲ, ಅದೇ ಬಿರುಕು. ದೊಡ್ಡ ಗಾಯಕರು ವರ್ಷಗಟ್ಟಲೆ ಸಾಧನೆ ಮಾಡುವುದು ಆ ಬಿರುಕು ಕಾಣದ ಹಾಗೆ ಮುಚ್ಚುವುದಕ್ಕೆ. ಯೋಡ್ಲಿಂಗ್‌ನಲ್ಲಿ ಉಲ್ಟಾ. ಮೆಟ್ಟಿಲು ಹತ್ತುವುದೇ ಇಲ್ಲ, ಕೆಳಗಿನಿಂದ ಮೇಲಕ್ಕೆ ಹಾರು, ಮೇಲಿನಿಂದ ಕೆಳಕ್ಕೆ ಹಾರು. ಬಿರುಕನ್ನೇ ಎತ್ತಿ ತೋರಿಸು. ಬೀಡಿ ಮುದುಕರು ಹೇಳಿದ 'ಬೇಕಂತ ಒಡೀತಾನೆ' ಅಂದರೆ ಇದೇ.

ಈ ಬಿರುಕಿನ ಆಟ 1962ರ 'ಹಾಫ್ ಟಿಕೆಟ್'ನಲ್ಲಿ ಎಲ್ಲಿಗೆ ಹೋಯಿತು ನೋಡಿ. ಸಂಗೀತ ಮತ್ತೆ ಅದೇ ಸಲಿಲ್ ಚೌಧರಿ. ಒಂದು ಯುಗಳಗೀತೆ, ಹೆಣ್ಣಿನ ಭಾಗ ಲತಾ ಮಂಗೇಶ್ಕರ್ ಹಾಡಬೇಕಿತ್ತು. ಅವರು ಆಗ ಸಿಗಲಿಲ್ಲ. ಕಿಶೋರ್ ಎರಡೂ ನಾನೇ ಹಾಡುತ್ತೇನೆ ಅಂದ. ಹಾಡಿದ. ಪರದೆಯ ಮೇಲೆ ಗಂಡಿನ ಪಾತ್ರದಲ್ಲಿ ಪ್ರಾಣ್, ಲಂಗ ದಾವಣಿ ಹಾಕಿಕೊಂಡು ಕಿಶೋರ್. ಅದನ್ನು ನೋಡಿ ನಗುತ್ತೇವೆ, ಸರಿ. ಒಮ್ಮೆ ಕಣ್ಣು ಮುಚ್ಚಿ ಬರೀ ಕೇಳಿ. ಒಂದು ಸಾಲು ಎದೆಯಿಂದ, ಮುಂದಿನ ಸಾಲು ಕಳ್ಳದನಿಯಿಂದ, ಶ್ರುತಿ ಒಂದು ಕೂದಲೆಳೆಯಷ್ಟೂ ಜಾರುವುದಿಲ್ಲ. 1954ರಲ್ಲಿ ಬೇಡ ಅಂದಿದ್ದ ಅದೇ ಸಲಿಲ್‌ದಾ 1971ರಲ್ಲಿ 'ಮೇರೆ ಅಪ್ನೆ' ಚಿತ್ರಕ್ಕೆ ಅತ್ಯಂತ ಒಂಟಿತನದ ಹಾಡೊಂದನ್ನು ಇವನಿಂದ ಹಾಡಿಸಿದರು. ಅಲ್ಲಿ ಯೋಡ್ಲಿಂಗ್ ಇಲ್ಲ, ತಮಾಷೆ ಇಲ್ಲ. ಆದರೂ ಸಾಲಿನ ಕೊನೆಗೆ ದನಿ ಎಲ್ಲಿ ತೆಳುವಾಗುತ್ತದೆ ಅಂತ ಗಮನಿಸಿ. ಅದೇ ಬಿರುಕಿನ ಹತ್ತಿರ ಹೋಗುತ್ತಾನೆ. ಈ ಸಲ ಹಾರುವುದಿಲ್ಲ. ಅಂಚಿನಲ್ಲಿ ನಿಲ್ಲುತ್ತಾನೆ.

ನನಗೆ ಅನ್ನಿಸುವುದು ಇಷ್ಟು. ನಗಿಸುವ ಕಿಶೋರ್ ಬೇರೆ, ಅಳಿಸುವ ಕಿಶೋರ್ ಬೇರೆ ಅಂತ ನಾವು ಸುಮ್ನೆ ಭಾಗ ಮಾಡಿಕೊಂಡಿದ್ದೇವೆ. ಗಂಟಲು ಒಂದೇ.

ಇನ್ನು 1968ರ 'ಪಡೋಸನ್'. ಬಿಡೋ ಹಾಗೇ ಇಲ್ಲ. ಮೆಹಮೂದ್ ಅದರಲ್ಲಿ ದಕ್ಷಿಣದ ಸಂಗೀತ ಮೇಷ್ಟ್ರು. ಆ ಕಾಲದ ಹಿಂದಿ ಸಿನಿಮಾದವರಿಗೆ ವಿಂಧ್ಯದ ಕೆಳಗಿನವರೆಲ್ಲ ಒಂದೇ 'ಮದ್ರಾಸಿ' ಬುಟ್ಟಿ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ, ಆದರೂ ನಗು ತಡೆಯುವುದಕ್ಕೆ ಆಗಲ್ಲ. ಕಥೆ ಗೊತ್ತಲ್ಲ? ಸುನಿಲ್ ದತ್ ಕಿಟಕಿಯಲ್ಲಿ ನಿಂತು ಬರೀ ಬಾಯಿ ಆಡಿಸುತ್ತಾನೆ. ಹಿಂದೆ ಅಡಗಿ ನಿಜವಾಗಿ ಹಾಡುವವನು ಕಿಶೋರ್. ಅಂದರೆ ಹಿನ್ನೆಲೆ ಗಾಯನದ ಇಡೀ ಗುಟ್ಟನ್ನೇ ತಮಾಷೆ ಮಾಡಿ ತೋರಿಸಿದರು. ಎದುರು ಮನೆಯ ಮೇಷ್ಟ್ರಿಗೆ ದನಿ ಕೊಟ್ಟವರು ಮನ್ನಾ ಡೇ. ಶಾಸ್ತ್ರೀಯವಾಗಿ ಪಳಗಿದವರು. ಇಬ್ಬರಿಗೂ ಹಾಡಿನ ಜಟಾಪಟಿ, 'ಏಕ್ ಚತುರ್ ನಾರ್'. ಕಥೆಯ ಪ್ರಕಾರ ಮೇಷ್ಟ್ರು ಸೋಲಬೇಕು. ಪಾಪ, ಮನ್ನಾ ಡೇ ಅವರಿಗೆ ಅದು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಯಾರಿಗೆ ಆಗುತ್ತೆ ಹೇಳಿ? ಆ ಹಾಡಿನ ಮೊದಲ ಸಾಲು 1941ರ 'ಝೂಲಾ'ದಲ್ಲಿ ಅಶೋಕ್ ಕುಮಾರ್ ಹಾಡಿದ್ದು. ಅಣ್ಣನ ಸಾಲನ್ನು ತಮ್ಮ ತೆಗೆದುಕೊಂಡು ಆರ್.ಡಿ. ಬರ್ಮನ್ ಜೊತೆ ಕೂತು ತಲೆಕೆಳಗು ಮಾಡಿದ. ಎದುರಾಳಿ ಸ್ವರ ಹಾಕಿದಾಗ ಕಿಶೋರನ ಪಾತ್ರಕ್ಕೆ ಉತ್ತರ ಗೊತ್ತಿಲ್ಲ. ಹಾಗಾಗಿ ಲಯ ಕದಡುತ್ತಾನೆ, ಮಾತು ತೂರಿಸುತ್ತಾನೆ, ಗಂಟಲಲ್ಲಿ ಏನೇನೋ ಸದ್ದು ಮಾಡುತ್ತಾನೆ. ನಮ್ಮ ಕಂಪನಿ ನಾಟಕದ ಹಾಸ್ಯಗಾರ ಕಾಲುಪೆಟ್ಟಿಗೆಯವನನ್ನು ದಾರಿ ತಪ್ಪಿಸುವುದು ಥೇಟ್ ಹೀಗೇ.

ಮದುವೆಗಳ ಬಗ್ಗೆ ಜನ ಬೇಕಾದಷ್ಟು ಮಾತಾಡಿದ್ದಾರೆ, ನಾನು ಓಡಿಸುತ್ತೇನೆ. ನಾಲ್ಕು ಮದುವೆ. ಎರಡನೆಯವರು ಮಧುಬಾಲಾ. ಹೃದಯದ ಕಾಯಿಲೆಯಿಂದ 1969ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಅವನು ಹಾಡಿದ 'ಆರಾಧನಾ' ಚಿತ್ರ ಬಂತು. ನಲವತ್ತನೆಯ ವಯಸ್ಸಿನಲ್ಲಿ, ಹಾಸ್ಯನಟನ ಕಾಲ ಮುಗಿಯಿತು ಅನ್ನುವಾಗ, ಇಡೀ ದೇಶ ಅವನ ದನಿಗೆ ಬಿತ್ತು. ನಾಲ್ಕನೆಯವರು ಲೀನಾ ಚಂದಾವರ್ಕರ್, ನಮ್ಮ ಧಾರವಾಡದಲ್ಲಿ ಹುಟ್ಟಿದವರು. ಇಲ್ಲಿಂದ ಬಸ್ಸಿನಲ್ಲಿ ಮೂರು ನಾಲ್ಕು ತಾಸು. ಹಾಗಾಗಿ ಅವನು ನಮ್ಮ ಸೀಮೆಯ ಅಳಿಯ ಅಂತ ನಾನು ಹೇಳಿಕೊಂಡು ತಿರುಗುತ್ತೇನೆ, ಯಾರೂ ತಕರಾರು ಮಾಡಬೇಡಿ.

ತುರ್ತು ಪರಿಸ್ಥಿತಿಯ ಸಂಗತಿ ಮಾತ್ರ ಓಡಿಸುವ ಹಾಗಿಲ್ಲ. ಸರ್ಕಾರದ ಕಾರ್ಯಕ್ರಮದ ಪ್ರಚಾರಕ್ಕೆ ಬಂದು ಹಾಡು ಅಂದರು. ಇವನು ಬರಲ್ಲ ಅಂದ. 1976ರ ಮೇ ತಿಂಗಳಿಂದ ಆಕಾಶವಾಣಿ, ದೂರದರ್ಶನದಲ್ಲಿ ಇವನ ಹಾಡು ಬಂದ್. ತುರ್ತು ಪರಿಸ್ಥಿತಿ ಮುಗಿಯುವವರೆಗೂ ಬಂದ್. ಗಂಭೀರ ಮುಖದ ಎಷ್ಟೋ ಜನ ಕರೆದಲ್ಲಿಗೆ ಹೋಗಿ ಕೈಮುಗಿದು ನಿಂತ ಕಾಲ ಅದು. ಕೋಡಂಗಿ ಅನ್ನಿಸಿಕೊಂಡವನು ಹೋಗಲಿಲ್ಲ.

ಗಾಯಕನಾಗಿ ಅವನಿಗೆ ಎಂಟು ಫಿಲ್ಮ್‌ಫೇರ್ ಪ್ರಶಸ್ತಿ ಬಂದವು. ಅದರಲ್ಲಿ ಒಂದು ಬನಾರಸಿ ಪಾನಿನ ತಮಾಷೆ ಹಾಡಿಗೆ, 'ಡಾನ್' ಚಿತ್ರದ್ದು. ರೆಕಾರ್ಡಿಂಗಿನಲ್ಲಿ ನಿಜವಾಗಿ ಪಾನ್ ಜಗಿದುಕೊಂಡೇ ಹಾಡಿದ ಅಂತ ಹೇಳುತ್ತಾರೆ. ಕೇಳಿದರೆ ನಂಬಬೇಕು ಅನ್ನಿಸುತ್ತದೆ, ಬಾಯಲ್ಲಿ ರಸ ತುಂಬಿರುವುದು ಕಿವಿಗೆ ಗೊತ್ತಾಗುತ್ತದೆ.

ವೇದಿಕೆ ಹತ್ತಿದರೆ ತನ್ನನ್ನು 'ಕಿಶೋರ್ ಕುಮಾರ್ ಖಂಡ್ವೆವಾಲಾ' ಅಂತಲೇ ಪರಿಚಯಿಸಿಕೊಳ್ಳುತ್ತಿದ್ದ. ಮುಂಬೈ ಸಾಕು, ಖಂಡ್ವಾಕ್ಕೆ ಹೋಗಿ ಹಾಲು ಜಿಲೇಬಿ ತಿಂದುಕೊಂಡು ಇರೋಣ ಅನ್ನುವುದು ಅವನ ಹಾಡಿನಂಥ ಮಾತು. ಬೆಂಗಳೂರಲ್ಲಿ ಮೂವತ್ತು ವರ್ಷ ಇದ್ದು, ಅಲ್ಲಿನ ಬೆಣ್ಣೆ ದೋಸೆ ನೋಡಿ 'ಇದು ದೋಸೆನಾ?' ಅಂತ ಜಗಳ ತೆಗೆಯುವ ನಮ್ಮೂರಿನವರಿಗೆ ಇದು ಅರ್ಥವಾಗುತ್ತದೆ. ಬದುಕಿದ್ದಾಗ ಹೋಗಿ ಇರಲು ಆಗಲಿಲ್ಲ. 1987ರ ಅಕ್ಟೋಬರ್ 12ರಂದು ಆಶಾ ಭೋಸ್ಲೆ ಜೊತೆ ಬಪ್ಪಿ ಲಾಹಿರಿಯ ಒಂದು ಹಾಡು ರೆಕಾರ್ಡ್ ಮಾಡಿ ಮನೆಗೆ ಹೋದ. ಮರುದಿನ ಹೃದಯಾಘಾತ. ಅವತ್ತು ಅಶೋಕ್ ಕುಮಾರ್ ಅವರ 76ನೇ ಹುಟ್ಟುಹಬ್ಬ. ದೇಹವನ್ನು ಖಂಡ್ವಾಕ್ಕೇ ಒಯ್ದರು. ಅಲ್ಲಿನ ಸಮಾಧಿಗೆ ಅಭಿಮಾನಿಗಳು ಈಗಲೂ ಹಾಲು ಜಿಲೇಬಿ ನೈವೇದ್ಯ ಮಾಡುತ್ತಾರೆ.

ಕೊನೆಗೆ ಒಂದು ಹಾಡು ಹಾಕಿಸುತ್ತೇನೆ. ಕನ್ನಡದ್ದು. 1972ರ 'ಕುಳ್ಳ ಏಜೆಂಟ್ 000', ದ್ವಾರಕೀಶ್ ನಾಯಕ, ರಾಜನ್–ನಾಗೇಂದ್ರ ಸಂಗೀತ, 'ಆಡೂ ಆಟ ಆಡು'. ನಮ್ಮ ಒಬ್ಬ ಹಾಸ್ಯನಟನ ಚಿತ್ರಕ್ಕೆ ಅವರ ಒಬ್ಬ ಹಾಸ್ಯನಟ ಬಂದು ಹಾಡಿದ್ದು. ಉಚ್ಚಾರ ಅಲ್ಲಲ್ಲಿ ಜಾರುತ್ತದೆ, ನಗಬೇಡಿ, ನಕ್ಕರೂ ಪರವಾಗಿಲ್ಲ. ದನಿ ಎಲ್ಲಿ ಆಟಕ್ಕೆ ಇಳಿಯುತ್ತದೆ ಅಂತ ಮಾತ್ರ ಕಿವಿ ಕೊಟ್ಟು ಕೇಳಿ. ನಾನು ಕೂತಲ್ಲೇ ತೊಡೆ ಮೇಲೆ ತಾಳ ಹಾಕುತ್ತೇನೆ. ಹಾಡುವುದಿಲ್ಲ, ಹೆದರಬೇಡಿ.

ತಮ್ಮಾ, ಹಾಕು. ಸೌಂಡ್ ಸ್ವಲ್ಪ ಜಾಸ್ತಿ ಇರಲಿ.