ಎಂಟು ವಾಹನ ಹತ್ತಿ ನಡೆಯಲು ಹೋಗುವುದು

(ದೃಶ್ಯ: ದಾವಣಗೆರೆ ರೈಲು ನಿಲ್ದಾಣ, ಬೆಳಗಿನ ಹೊತ್ತು. ಬೆಂಚಿನ ಮೇಲೊಂದು ಬೆನ್ನುಚೀಲ.)

ನಮಸ್ಕಾರ. "ನಡೆಯುವುದಕ್ಕೆ ಹೋಗುವವನಿಗೆ ಇಷ್ಟೊಂದು ಟಿಕೆಟ್ ಯಾಕೋ?" ಎಂದು ನಮ್ಮ ಸೋದರಮಾವ ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಅವರು ವರ್ಷ ತಪ್ಪದೆ ಕೊಟ್ಟೂರಿಗೆ ಪಾದಯಾತ್ರೆ ಹೋಗುವವರು. ಗುರುಬಸವೇಶ್ವರರ ತೇರು ಹತ್ತಿರ ಬಂತೆಂದರೆ ದೇವರಿಗೆ ಕೈಮುಗಿದು, ಹೆಗಲಿಗೊಂದು ಚೀಲ ಏರಿಸಿ ಹೊಸ್ತಿಲು ದಾಟುತ್ತಾರೆ. ಅಲ್ಲಿಗೆ ಯಾತ್ರೆ ಶುರು. ದಾರಿಯುದ್ದಕ್ಕೂ ಕರೆದು ಊಟ ಹಾಕುವವರಿರುತ್ತಾರೆ. ಹೊರಡುವ ಜಾಗಕ್ಕೆ ತಲುಪುವುದು ಹೇಗೆ ಎಂಬ ಚಿಂತೆಯೇ ಅವರಿಗೆ ಇಲ್ಲ.

ನಾನು ಹೋಗಿದ್ದು ಸ್ಪೇನ್ ದೇಶದ ಕಮಿನೊ ಹಾದಿಗೆ. ಸಾಂತಿಯಾಗೊ ದೆ ಕಾಂಪೊಸ್ತೆಲಾ ಎಂಬ ಊರಿನ ಚರ್ಚಿನಲ್ಲಿ ಯೇಸುವಿನ ಶಿಷ್ಯ ಯಾಕೋಬನ ಸಮಾಧಿಯಿದೆ ಎಂಬ ನಂಬಿಕೆಯಿಂದ ಬೆಳೆದ ಯಾತ್ರೆ ಇದು. ಅಲ್ಲಿಗೆ ಹೋಗುವ ಹಾದಿಗಳು ಹಲವು. ಹೆಚ್ಚು ಜನ ನಡೆಯುವುದು "ಫ್ರೆಂಚ್ ಹಾದಿ" ಎಂಬುದರಲ್ಲಿ. ಅದರ ಉದ್ದ ಸುಮಾರು 780 ಕಿಲೋಮೀಟರ್. ಈ ಹಾದಿ ಶುರುವಾಗುವುದು ಸ್ಪೇನಿನಲ್ಲಲ್ಲ, ಗಡಿಯ ಆಚೆ ಫ್ರಾನ್ಸ್‌ನಲ್ಲಿ, ಪಿರೆನೀಸ್ ಬೆಟ್ಟಗಳ ಬುಡದ ಸ್ಯಾಂ ಜ್ಯಾಂ ಪಿಯೆ ದ ಪೋರ್ ಎಂಬ ಪುಟ್ಟ ಊರಿನಲ್ಲಿ. ಹೆಸರು ಉದ್ದವಾಯಿತು, ಇನ್ನು ಮುಂದೆ ಸ್ಯಾಂ ಜ್ಯಾಂ ಎನ್ನುತ್ತೇನೆ.

(ದೃಶ್ಯ: ನಕ್ಷೆ. ಫ್ರಾನ್ಸ್‌ನ ನಾಲ್ಕು ಹಾದಿಗಳು ಸ್ಪೇನಿನೊಳಗೆ ಒಂದಾಗುವುದು.)

ಯುರೋಪಿನವರೂ ಒಂದು ಕಾಲಕ್ಕೆ ನಮ್ಮ ಮಾವನ ಹಾಗೆಯೇ ಮನೆಯ ಬಾಗಿಲಿನಿಂದಲೇ ನಡೆಯುತ್ತಿದ್ದರು. 12ನೇ ಶತಮಾನದ ಹೊತ್ತಿಗೆ ಫ್ರಾನ್ಸ್‌ನಲ್ಲಿ ಇದಕ್ಕೆ ನಾಲ್ಕು ಮುಖ್ಯ ಹಾದಿಗಳಿದ್ದವು. ಅವುಗಳಲ್ಲಿ ಮೂರು ಸ್ಯಾಂ ಜ್ಯಾಂ ಸಮೀಪದ ಓಸ್ತಬಾ ಎಂಬಲ್ಲಿ ಸೇರುತ್ತವೆ, ನಾಲ್ಕನೆಯದು ಸ್ಪೇನಿನೊಳಗೆ ಬಂದು ಕೂಡಿಕೊಳ್ಳುತ್ತದೆ. ಅಂದರೆ ಸ್ಯಾಂ ಜ್ಯಾಂ ಆಗ ಬೆಟ್ಟ ಹತ್ತುವ ಮೊದಲು ತಂಗುವ ಊರು, ಅಷ್ಟೆ. ವಿಮಾನದಲ್ಲಿ ಬಂದಿಳಿಯುವ ನಮ್ಮಂಥವರಿಗೆ ಅದು "ಆರಂಭ"ವಾಗಿದೆ. ಅಲ್ಲಿಗೆ ವಿಮಾನ ನಿಲ್ದಾಣವಿಲ್ಲ. ದೊಡ್ಡ ರೈಲೂ ಬರುವುದಿಲ್ಲ.

ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ವಿಮಾನದ ಟಿಕೆಟ್ ಅಗ್ಗವಾಗಿ ಸಿಕ್ಕಿತೆಂದು ಅದನ್ನೇ ಮೊದಲು ಕೊಂಡೆ. ಮಿಕ್ಕದ್ದನ್ನು ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡೆ. ಪ್ಯಾರಿಸ್‌ನಲ್ಲಿ ಇಳಿದು, ಊರು ದಾಟಿ, ವೇಗದ ರೈಲು ಹಿಡಿದು ಬಯೋನ್ ಎಂಬ ನಗರ ತಲುಪಿದೆ. ಸ್ಯಾಂ ಜ್ಯಾಂ ಅಲ್ಲಿಂದ ಐವತ್ತು ಕಿಲೋಮೀಟರ್, ರೈಲಿನಲ್ಲಿ ಒಂದು ಗಂಟೆ. ಬಿಸಿಲು ಇನ್ನೂ ಇತ್ತು, ಸಂಜೆ ಐದೂವರೆ ಇರಬಹುದು ಅನ್ನಿಸಿತು. ಗಡಿಯಾರ ನೋಡಿದರೆ ಒಂಬತ್ತು ದಾಟಿದೆ! ಜೂನ್ ತಿಂಗಳಲ್ಲಿ ಅಲ್ಲಿ ಹೊತ್ತು ಮುಳುಗುವುದೇ ಒಂಬತ್ತೂವರೆಯ ಮೇಲೆ. ಆ ದಿನದ ಕೊನೆಯ ರೈಲು ಹೋಗಿ ಎಷ್ಟೋ ಹೊತ್ತಾಗಿತ್ತು. ಏಳೆಂಟು ಸಾವಿರ ಕಿಲೋಮೀಟರ್ ದಾಟಿ ಬಂದವನು ಐವತ್ತು ಕಿಲೋಮೀಟರಿನ ಈಚೆ ಸಿಕ್ಕಿಕೊಂಡೆ. ನಿಲ್ದಾಣದ ಎದುರಿನ ಕೋಣೆಗೆ ಕೊಟ್ಟ ಬಾಡಿಗೆಯನ್ನು ಮಾವನಿಗೆ ಈವರೆಗೂ ಹೇಳಿಲ್ಲ.

ಹಾಗಾಗಿ ಈ ಪ್ರಯಾಣವನ್ನು ತುದಿಯಿಂದ ಹಿಂದಕ್ಕೆ ಕಟ್ಟಬೇಕು. ಮೊದಲು ಆ ಪುಟ್ಟ ರೈಲು, ಆಮೇಲೆ ವೇಗದ ರೈಲು, ಎಲ್ಲಕ್ಕೂ ಕೊನೆಗೆ ವಿಮಾನ.

(ದೃಶ್ಯ: ಬಿಳಿ ಹಲಗೆ. ಕೆಳಗಿನಿಂದ ಮೇಲಕ್ಕೆ ಬರೆಯುತ್ತಾ ಹೋಗುವುದು.)

ಬಯೋನ್‌ನಿಂದ ಸ್ಯಾಂ ಜ್ಯಾಂಗೆ ದಿನಕ್ಕೆ ಬೆರಳೆಣಿಕೆಯ ರೈಲುಗಳು. ನೀವ್ ನದಿಯ ದಂಡೆಗುಂಟ ಹೋಗುವ ಚಂದದ ದಾರಿ ಅದು. ಕೆಲವೊಮ್ಮೆ ಹಳಿ ದುರಸ್ತಿಯ ಕಾರಣ ರೈಲಿನ ಬದಲು ಬಸ್ ಬಿಡುತ್ತಾರೆ. ಭಾನುವಾರದ ವೇಳಾಪಟ್ಟಿ ಬೇರೆ. ಮುಷ್ಕರಗಳಂತೂ ಫ್ರಾನ್ಸ್‌ನಲ್ಲಿ ಹೊಸತಲ್ಲ. ಈ ರೈಲಿಗೆ ಸೀಟು ಕಾದಿರಿಸುವ ಗೋಜಿಲ್ಲ, ಹೊರಡುವ ಮೊದಲು ಟಿಕೆಟ್ ಕೊಂಡರೆ ಸಾಕು. ಆದರೆ ನೀವು ಹೋಗುವ ದಿನದ ವೇಳಾಪಟ್ಟಿ ಕೈಯಲ್ಲಿರಲಿ.

ಪ್ಯಾರಿಸ್‌ನಿಂದ ಬಯೋನ್‌ಗೆ ವೇಗದ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ. ಅದು ಹೊರಡುವುದು ಮೊಂಪರ್ನಾಸ್ ಎಂಬ ನಿಲ್ದಾಣದಿಂದ. ನೀವು ಇಳಿಯುವ ಶಾರ್ಲ್ ದ ಗೋಲ್ ವಿಮಾನ ನಿಲ್ದಾಣ ಇರುವುದು ಊರಿನ ಈಶಾನ್ಯಕ್ಕೆ, ಮೊಂಪರ್ನಾಸ್ ದಕ್ಷಿಣ ಭಾಗದಲ್ಲಿ. ಉಪನಗರ ರೈಲಿನ ಬಿ ಮಾರ್ಗ ಹಿಡಿದು ದಾಂಫೆರ್ ರೋಶ್ರೋ ಎಂಬಲ್ಲಿ ಇಳಿದು, ಅಲ್ಲಿಂದ 4 ಅಥವಾ 6ನೇ ಮೆಟ್ರೊ ಹತ್ತಬೇಕು. ವಿಮಾನ ಇಳಿದು ವಲಸೆ ತಪಾಸಣೆ, ಸಾಮಾನು, ಈ ಎರಡು ಬದಲಾವಣೆ ಎಲ್ಲಾ ಸೇರಿ ನಾಲ್ಕು ಗಂಟೆ ಇಟ್ಟುಕೊಳ್ಳಿ. ವೇಗದ ರೈಲಿನ ಟಿಕೆಟ್ ಆ ಒಂದು ರೈಲಿಗೆ ಮಾತ್ರ ಸಲ್ಲುತ್ತದೆ. ತಪ್ಪಿಸಿಕೊಂಡರೆ ಮುಂದಿನ ರೈಲಿನಲ್ಲಿ ನಿಂತು ಹೋಗುತ್ತೇನೆಂದು ಹತ್ತುವಂತಿಲ್ಲ. ಪ್ಯಾರಿಸ್‌ನಿಂದ ಬಯೋನ್ ಪಕ್ಕದ ಬಿಯಾರಿಟ್ಜ್ ಎಂಬ ಊರಿಗೆ ವಿಮಾನವೂ ಉಂಟು, ಆದರೆ ಇಳಿದ ಮೇಲೆ ಮತ್ತೆ ಬಯೋನ್‌ಗೇ ಬರಬೇಕು.

ಸ್ಪೇನಿನ ಕಡೆಯಿಂದ ಬರುವವರಿಗೆ ಮ್ಯಾಡ್ರಿಡ್‌ನಿಂದ ಪಾಂಪ್ಲೋನಾಕ್ಕೆ ರೈಲೂ ಬಸ್ಸೂ ಇವೆ. ಪಾಂಪ್ಲೋನಾದಿಂದ ಬೆಟ್ಟ ದಾಟಿ ಸ್ಯಾಂ ಜ್ಯಾಂಗೆ ಬಸ್ ಇದೆ, ಆದರೆ ಋತುಮಾನದಲ್ಲಿ ಮಾತ್ರ. ಚಳಿಗಾಲದಲ್ಲಿ ಟ್ಯಾಕ್ಸಿಯೇ ಗತಿ. ನಾಲ್ಕು ಜನ ಸೇರಿ ಹಂಚಿಕೊಂಡರೆ ಹೊರೆ ಎನಿಸುವುದಿಲ್ಲ. ಬೆನ್ನುಚೀಲ ಹೊತ್ತವರು ಪಾಂಪ್ಲೋನಾ ಬಸ್ ನಿಲ್ದಾಣದಲ್ಲೇ ಕಣ್ಣಿಗೆ ಬೀಳುತ್ತಾರೆ, ಹೋಗಿ ಮಾತಾಡಿಸಿ.

ಇನ್ನು ನಮ್ಮ ಕಡೆಯದು. ದಾವಣಗೆರೆಯಿಂದ ರೈಲಿನಲ್ಲಿ ಹೊರಟರೆ ಯಶವಂತಪುರದಲ್ಲಿ ಇಳಿದು ವಿಮಾನ ನಿಲ್ದಾಣದ ಬಸ್ ಹಿಡಿಯಿರಿ. ಕಾರಿನಲ್ಲಿ ಹೋಗುವವರು, ಚಿತ್ರದುರ್ಗದವರೂ ಸೇರಿ, ನೆಲಮಂಗಲದ ತನಕ ಹೋಗಿ ಸಿಗ್ನಲ್‌ಗಳಲ್ಲಿ ಬೆವರುವ ಬದಲು ದಾಬಸ್‌ಪೇಟೆಯಲ್ಲೇ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಬಹುದು. ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನವಿದೆ. ಟಿಕೆಟ್ ಮಾಡಿಸುವಾಗ ಹೋಗುವುದು ಪ್ಯಾರಿಸ್‌ಗೆ, ಮರಳುವುದು ಮ್ಯಾಡ್ರಿಡ್‌ನಿಂದ ಎಂದು ಒಂದೇ ಟಿಕೆಟ್‌ನಲ್ಲಿ ಮಾಡಿಸಿ. ನಡೆದು ಮುಗಿಸುವ ಊರು ಹೊರಟ ಊರಿನಿಂದ 780 ಕಿಲೋಮೀಟರ್ ದೂರದಲ್ಲಿರುತ್ತದೆ. ಪ್ಯಾರಿಸ್‌ಗೇ ಹಿಂತಿರುಗುವ ಟಿಕೆಟ್ ಕೊಂಡವರು ಕೊನೆಯ ದಿನ ಅದನ್ನು ನೆನೆದು ಹಲ್ಲು ಕಡಿಯುತ್ತಾರೆ.

(ದೃಶ್ಯ: ಪಾಸ್‌ಪೋರ್ಟ್, ಕಾಗದಗಳ ಕಡತ.)

ವೀಸಾ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಇಳಿಯುವುದು ಫ್ರಾನ್ಸ್‌ನಲ್ಲಿ, ಹಾಗಾಗಿ ಫ್ರಾನ್ಸ್ ವೀಸಾ ಎಂದುಕೊಳ್ಳುತ್ತಾರೆ. ಹಾಗಲ್ಲ. ಯುರೋಪಿನ ಹಲವು ದೇಶಗಳಿಗೆ ಸೇರಿ ಸಲ್ಲುವ ಒಂದೇ ವೀಸಾ ಇದೆ, ಅದರ ಹೆಸರು ಷೆಂಗೆನ್ ವೀಸಾ. ಅದನ್ನು ಹೆಚ್ಚು ದಿನ ಇರುವ ದೇಶದಿಂದ ಪಡೆಯಬೇಕು. ನೀವು ಒಂದೆರಡು ದಿನ ಫ್ರಾನ್ಸ್‌ನಲ್ಲಿ, ಮೂವತ್ತು ಮೂವತ್ತೈದು ದಿನ ಸ್ಪೇನಿನಲ್ಲಿ ಇರುತ್ತೀರಿ, ಅಂದಮೇಲೆ ಅರ್ಜಿ ಸ್ಪೇನಿಗೆ. ಆ ವೀಸಾದಲ್ಲಿ ಪ್ಯಾರಿಸ್‌ನಲ್ಲಿ ಇಳಿಯುವುದಕ್ಕೆ ಅಡ್ಡಿಯಿಲ್ಲ, ಪ್ರಯಾಣದ ಪಟ್ಟಿ ಕೈಯಲ್ಲಿರಲಿ. ಹೊರಡುವ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು, ತಡವೆಂದರೂ ಹೊರಡಲು ಹದಿನೈದು ದಿನ ಇರುವಾಗಲೇ ಹಾಕಿರಬೇಕು. 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ.

ಚೀಲದ ಬಗ್ಗೆ ಎರಡೇ ಮಾತು. ನಡೆಯುವ ಕೋಲುಗಳನ್ನು ಕೈಚೀಲದಲ್ಲಿ ಇಡಬೇಡಿ, ಭದ್ರತಾ ತಪಾಸಣೆಯಲ್ಲಿ ತೆಗೆಸುತ್ತಾರೆ. ಯುರೋಪಿಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಆದ್ದರಿಂದ ಅಮ್ಮ ಕಾಯಿಸಿ ಕೊಟ್ಟ ತುಪ್ಪ ಮನೆಯಲ್ಲೇ ಉಳಿಯಬೇಕು. ಶೇಂಗಾ ಚಟ್ನಿ ಪುಡಿಗೆ ಆ ತೊಂದರೆ ಇಲ್ಲ.

ಅಷ್ಟು ರಜೆ ಎಲ್ಲಿಂದ ತರಲಿ ಎನ್ನುವವರು ಇದೇ ಹಾದಿಯ ಕೊನೆಯ ಭಾಗದಲ್ಲಿರುವ ಸಾರಿಯಾ ಎಂಬ ಊರಿನಿಂದ ಹೊರಡಬಹುದು. ಅಲ್ಲಿಂದ ಸಾಂತಿಯಾಗೊಗೆ ಸುಮಾರು 115 ಕಿಲೋಮೀಟರ್, ಐದಾರು ದಿನ. ಯಾತ್ರೆಯ ಪ್ರಮಾಣಪತ್ರ ಸಿಗಲು ಕನಿಷ್ಠ 100 ಕಿಲೋಮೀಟರ್ ನಡೆದಿರಬೇಕು, ಹಾಗಾಗಿ ಅಲ್ಲಿ ಜನಜಂಗುಳಿ. ತಲುಪುವುದೂ ಸುಲಭ: ಮ್ಯಾಡ್ರಿಡ್‌ನಿಂದ ರೈಲಿದೆ, ಲೂಗೊ ಪಟ್ಟಣದಿಂದ ಬಸ್ಸಿದೆ.

ಸ್ಯಾಂ ಜ್ಯಾಂಗೆ ಹೋಗುವವರು ತಿಂಗಳನ್ನೂ ನೋಡಿಕೊಳ್ಳಿ. ಮೊದಲ ದಿನವೇ ಸುಮಾರು 170 ಮೀಟರ್ ಎತ್ತರದಿಂದ 1,430 ಮೀಟರ್‌ಗೆ ಏರಿ, ರೊನ್ಸೆಸ್ವಾಯೆಸ್ ಎಂಬಲ್ಲಿ ಇಳಿಯಬೇಕು, ಒಟ್ಟು 25 ಕಿಲೋಮೀಟರ್. ಹಿಮದ ಕಾರಣ ಆ ಮೇಲಿನ ದಾರಿಯನ್ನು ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಮುಚ್ಚಿರುತ್ತಾರೆ. ಆಗ ಕಣಿವೆಯ ದಾರಿಯಲ್ಲಿ ಹೋಗಬೇಕು. ಇಂಥ ಏರಿಗೆ ವಿಮಾನದ ನಿದ್ದೆಗಣ್ಣಿನಲ್ಲಿ ಕಾಲಿಡಬೇಡಿ. ಮಧ್ಯಾಹ್ನದ ಒಳಗೆ ಸ್ಯಾಂ ಜ್ಯಾಂ ತಲುಪಿ, ಒಂದು ರಾತ್ರಿ ತಂಗಿ.

(ದೃಶ್ಯ: ಕಲ್ಲು ಹಾಸಿದ ಏರು ಬೀದಿ, ತೆರೆದ ಬಾಗಿಲು.)

ರೈಲಿಳಿದು ಏರು ಬೀದಿಯಲ್ಲಿ ಹೋದರೆ ಯಾತ್ರಿಕರ ಕಚೇರಿ ಸಿಗುತ್ತದೆ. ಅಲ್ಲಿ ಯಾತ್ರಿಕರ ಪುಸ್ತಿಕೆ ಕೊಟ್ಟು ಮೊದಲ ಮುದ್ರೆ ಒತ್ತುತ್ತಾರೆ, ಮರುದಿನದ ಹವಾಮಾನ ಹೇಳುತ್ತಾರೆ. ಎಲ್ಲಿಂದ ಬಂದಿರಿ ಎಂದು ಮೇಜಿನ ಹಿಂದಿದ್ದ ಅಜ್ಜಿ ಕೇಳಿದರು. ದಾವಣಗೆರೆ ಎಂದೆ. ಆಟೊ, ರೈಲು, ಬಸ್, ವಿಮಾನ, ಉಪನಗರ ರೈಲು, ಮೆಟ್ರೊ, ವೇಗದ ರೈಲು, ಪುಟ್ಟ ರೈಲು ಎಂದು ಎಂಟನ್ನೂ ಬೆರಳು ಮಡಚಿ ಎಣಿಸಿ ತೋರಿಸಿದೆ. ಆಕೆ ನಕ್ಕು, ನಾಳೆ ಬೆಳಿಗ್ಗೆ ಮಳೆಯಿದೆ, ಏಳಕ್ಕೆ ಮೊದಲು ಹೊರಡಿ ಎಂದರು.