ಫ್ರಿಜ್‌ನಲ್ಲಿರುವ ಆ ಸಿರಪ್ ಪಾಪುಗೆ ಹಾಕಬೇಡಿ!

ಎಲ್ಲರಿಗೂ ನಮಸ್ಕಾರ. ಇವತ್ತು ಬಾಣಂತಿ ಊಟದ ಬಗ್ಗೆ ಮಾತಾಡುತ್ತೇನೆ ಅಂದಿದ್ದೆ. ಅದು ಮುಂದಿನ ವಾರ. ನಿನ್ನೆ ರಾತ್ರಿ ಒಂದು ಕಾಮೆಂಟ್ ಓದಿದ ಮೇಲೆ ಬೇರೆ ಏನೂ ತಲೆಗೆ ಹತ್ತುತ್ತಿಲ್ಲ.

“ಅಕ್ಕಾ, ನಮ್ಮ ಪಾಪುಗೆ 12 ದಿನ. ಬೆಳಗ್ಗೆಯಿಂದ ಹಾಲು ಚೀಪುತ್ತಿಲ್ಲ, ಮೈ ಬಿಸಿ ಇದೆ. ದೊಡ್ಡವನಿಗೆ ತಂದ ಆಂಟಿಬಯಾಟಿಕ್ ಸಿರಪ್ ಫ್ರಿಜ್‌ನಲ್ಲಿ ಉಳಿದಿದೆ. ಎಷ್ಟು ಎಂಎಲ್ ಹಾಕಲಿ?”

ಆ ತಾಯಿ ಮೇಲೆ ನನಗೆ ಕೋಪ ಇಲ್ಲ. ಕೇಳಿದ್ದೇ ಒಳ್ಳೆಯದಾಯಿತು. ಈಗಲೇ ಆಸ್ಪತ್ರೆಗೆ ಹೊರಡಿ ಅಂತ ಬರೆದೆ. ಕೋಪ ಇರುವುದು ಅದರ ಕೆಳಗೆ ಸಾಲಾಗಿ ಡೋಸ್ ಹೇಳಿದವರ ಮೇಲೆ. ಒಬ್ಬರು ಅರ್ಧ ಎಂಎಲ್ ಅಂತಾರೆ. ಇನ್ನೊಬ್ಬರು ಐದು ಹನಿ. ಮತ್ತೊಬ್ಬರು ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸಿ ಅಂತಾರೆ! ಕೂಸಿನ ತೂಕ ಎಷ್ಟು ಅಂತ ಒಬ್ಬರೂ ಕೇಳಿಲ್ಲ. (ಜೇನುತುಪ್ಪ ಒಂದು ವರ್ಷ ತುಂಬುವ ತನಕ ಮುಟ್ಟಿಸಲೇಬೇಡಿ. ಅದಕ್ಕೇ ಬೇರೆ ವಿಡಿಯೊ ಮಾಡಿದ್ದೇನೆ, ಲಿಂಕ್ ಕೆಳಗಿದೆ, ನೋಡಿ.)

ನನ್ನ ಮಾತು ಒಂದೇ. 28 ದಿನ ತುಂಬದ ಕೂಸು ಹಾಲು ಬಿಟ್ಟರೆ, ಜ್ವರ ಬಂದರೆ, ಮನೆಯಲ್ಲಿ ಆಂಟಿಬಯಾಟಿಕ್ ಹಾಕಬೇಡಿ. ಆಸ್ಪತ್ರೆಗೆ ಹೊರಡಿ.

ನಾನು ನವಜಾತ ಶಿಶುಗಳ ಐಸಿಯುನಲ್ಲಿ ನರ್ಸ್. ಇಂಥ ಕೂಸು ಬಂದಾಗ ಏನು ಮಾಡುತ್ತೇವೆ ಗೊತ್ತಾ? ರಕ್ತಕ್ಕೆ ಸೋಂಕು ತಗುಲಿದೆಯಾ ಅಂತ ನೋಡಲು ಮೊದಲು ರಕ್ತ ತೆಗೆಯುತ್ತೇವೆ. ಅಂಗೈ ನೋಡಿದರೆ ನನ್ನ ಎರಡು ಬೆರಳಿನಷ್ಟು ಅಗಲ ಇಲ್ಲ. ಅದರಲ್ಲಿ ನರ ಹುಡುಕಬೇಕು. ಹಳದಿ ಬಣ್ಣದ ಸಣ್ಣ ಕ್ಯಾನುಲಾ (ನರಕ್ಕೆ ಹಾಕುವ ಪುಟ್ಟ ಕೊಳವೆ) ಹಾಕಿ, ಸುಮಾರು 1 ಎಂಎಲ್ ರಕ್ತ ಕಲ್ಚರ್ ಬಾಟಲಿಗೆ ಬಿಡುತ್ತೇವೆ. ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ, ಅದು ಯಾವುದು, ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡುವ ಪರೀಕ್ಷೆಯೇ ಕಲ್ಚರ್. ಕೈ ಅಲುಗಬಾರದು ಅಂತ ಪುಟ್ಟ ಪಟ್ಟಿ ಕಟ್ಟುತ್ತೇವೆ. ಆಮೇಲೆ ಆಂಟಿಬಯಾಟಿಕ್, ಇಂಜೆಕ್ಷನ್ ಮೂಲಕ. ಸಾಮಾನ್ಯವಾಗಿ ಆಂಪಿಸಿಲಿನ್, ಜೊತೆಗೆ ಜೆಂಟಾಮೈಸಿನ್. ವಿಶ್ವ ಆರೋಗ್ಯ ಸಂಸ್ಥೆ ಮೊದಲು ಕೊಡಿ ಅನ್ನುವ ಜೋಡಿ ಅದು. ಡೋಸ್ ತೂಕದ ಮೇಲೆ. ಎಷ್ಟು ವಾರಕ್ಕೆ ಹುಟ್ಟಿದೆ ಅನ್ನುವುದರ ಮೇಲೆ. ಒಂದು ಕೂಸಿಗೆ ಜೆಂಟಾಮೈಸಿನ್ 24 ಗಂಟೆಗೊಮ್ಮೆ ಆದರೆ, ದಿನ ತುಂಬುವ ಮೊದಲೇ ಹುಟ್ಟಿದ್ದಕ್ಕೆ 36 ಗಂಟೆಗೊಮ್ಮೆ ಇರಬಹುದು. ಕಿಡ್ನಿ ಇನ್ನೂ ಬಲಿತಿರುವುದಿಲ್ಲ, ಅದಕ್ಕೆ. ಜಾಸ್ತಿಯಾದರೆ ಕಿವಿಗೂ ಕಿಡ್ನಿಗೂ ಪೆಟ್ಟು. ಇಷ್ಟೆಲ್ಲ ಲೆಕ್ಕ ಇರುವಾಗ ಫ್ರಿಜ್ ಬಾಗಿಲು ತೆಗೆದು “ಐದು ಹನಿ” ಅಂದರೆ ಹೇಗೆ? ಅದೂ ನೀರು ಬೆರೆಸಿದ ಸಿರಪ್ಪನ್ನು ಒಂದೆರಡು ವಾರದಲ್ಲಿ ಎಸೆಯಬೇಕು.

ಇನ್ನೊಂದು ವಿಷಯ. ನೀವು ಹಾಕಿದ ಆ ಹನಿ ರೋಗಾಣುವನ್ನು ಕೊಲ್ಲಲು ಸಾಲುವುದಿಲ್ಲ. ಕಲ್ಚರ್‌ನಲ್ಲಿ ಬೆಳೆಯದ ಹಾಗೆ ಮಾಡಲು ಮಾತ್ರ ಸಾಕು. ರಿಪೋರ್ಟ್‌ನಲ್ಲಿ ಏನೂ ಬೆಳೆದಿಲ್ಲ ಅಂತ ಬರುತ್ತದೆ, ಕೂಸು ಮಾತ್ರ ಬಾಡುತ್ತಾ ಹೋಗುತ್ತದೆ. ಯಾವ ಔಷಧಿ ನಾಟುತ್ತದೆ ಅಂತ ಡಾಕ್ಟರಿಗೆ ಗೊತ್ತಾಗುವ ದಾರಿಯೇ ಮುಚ್ಚಿಹೋಯಿತಲ್ಲ! ದೆಹಲಿಯ ಮೂರು ಆಸ್ಪತ್ರೆಗಳ ನವಜಾತ ಶಿಶುಗಳ ಅಧ್ಯಯನವೊಂದು 2016ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಸೋಂಕು ತಗುಲಿದ ಕೂಸುಗಳಲ್ಲಿ ಸಿಕ್ಕ ರೋಗಾಣುಗಳಲ್ಲಿ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಇ. ಕೋಲೈ, ಇವುಗಳೇ ಹೆಚ್ಚು. ಅವುಗಳಲ್ಲಿ ಹಲವು ಔಷಧಿಗೆ ಬಗ್ಗದವು ಬಹಳ. ಅಂಥ ರೋಗಾಣು ಓಡಾಡುವ ದೇಶದಲ್ಲಿ ಕಲ್ಚರ್ ಕೆಡಿಸಿಕೊಳ್ಳಬೇಡಿ. ಮನೆಯಲ್ಲಿ ಹಾಕಬೇಡಿ. ಆಸ್ಪತ್ರೆಗೆ ಹೊರಡಿ.

“ನಮ್ಮಜ್ಜಿ ಎಂಟು ಹೆತ್ತರು, ಆಸ್ಪತ್ರೆ ಮುಖ ನೋಡಲಿಲ್ಲ” ಅಂತೀರಾ? ಎಷ್ಟು ಉಳಿದವು ಅಂತ ಅಜ್ಜಿಯನ್ನೇ ಕೇಳಿ. ಹೆಸರಿಡುವ ಮೊದಲೇ ಹೋದ ಕೂಸನ್ನು ಅಜ್ಜಿ ಮರೆತಿರುವುದಿಲ್ಲ. ಮರೆತವರು ನೀವು.

“ದೃಷ್ಟಿ ತಾಗಿದೆ.” ಸರಿ, ನೀವಾಳಿಸಿ. ಆಟೊದಲ್ಲಿ ಕೂತು ನೀವಾಳಿಸಿ, ಆಟೊ ಆಸ್ಪತ್ರೆ ಕಡೆಗೆ ಹೋಗುತ್ತಿರಲಿ.

“ಮೆಡಿಕಲ್ ಶಾಪ್‌ನವರೇ ಕೊಟ್ಟರಲ್ಲ?” ಡಾಕ್ಟರ ಚೀಟಿ ಇಲ್ಲದೆ ಆಂಟಿಬಯಾಟಿಕ್ ಮಾರುವ ಹಾಗೇ ಇಲ್ಲ. ಅವರು ಮಾಡಿದ್ದೂ ತಪ್ಪು.

“ಸುಮ್ನೆ ಅಡ್ಮಿಟ್ ಮಾಡಿ ಬಿಲ್ ಹಾಕ್ತಾರೆ.” 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಇಂಥ ಕೂಸಿಗೆ ಔಷಧಿ, ಪರೀಕ್ಷೆ ಎಲ್ಲಾ ಉಚಿತ. ನಮ್ಮ ಬೆಂಗಳೂರಲ್ಲೇ ಕೆ.ಆರ್. ಮಾರ್ಕೆಟ್ ಹತ್ತಿರ ವಾಣಿವಿಲಾಸ ಆಸ್ಪತ್ರೆ ಇದೆ. ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಇದೆ. ಖಾಸಗಿಗೆ ಹೋದರೆ ಧೈರ್ಯವಾಗಿ ಕೇಳಿ: ಕಲ್ಚರ್ ಯಾವಾಗ ಬರುತ್ತದೆ, ಔಷಧಿ ಯಾವಾಗ ನಿಲ್ಲಿಸುತ್ತೀರಿ? 36ರಿಂದ 48 ಗಂಟೆಯಲ್ಲಿ ಕಲ್ಚರ್‌ನಲ್ಲಿ ಏನೂ ಬೆಳೆಯದೆ, ಕೂಸೂ ಚೆನ್ನಾಗಿದ್ದರೆ ನಿಲ್ಲಿಸುವುದೇ ಸರಿಯಾದ ಕ್ರಮ.

ಜ್ವರ ಒಂದನ್ನೇ ಕಾಯಬೇಡಿ. ಎಷ್ಟೋ ಕೂಸುಗಳ ಮೈ ತಣ್ಣಗಾಗುತ್ತದೆ. ಥರ್ಮಾಮೀಟರ್ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೂ ಅಪಾಯ, 35.5ಕ್ಕಿಂತ ಇಳಿದರೂ ಅಪಾಯ. ನಿಮಿಷಕ್ಕೆ 60 ಅಥವಾ ಅದಕ್ಕಿಂತ ಜಾಸ್ತಿ ಉಸಿರು, ಎದೆ ಗುಳಿ ಬೀಳುವುದು, ಫಿಟ್ಸ್, ಮುಟ್ಟಿದರಷ್ಟೇ ಅಲುಗಾಡುವುದು. ಇದರಲ್ಲಿ ಒಂದು ಕಂಡರೂ ಸಾಕು. ಬೆಳಗಾಗಲಿ ಅನ್ನಬೇಡಿ. ಅತ್ತೆ ಬರಲಿ ಅನ್ನಬೇಡಿ. ಸಿಲ್ಕ್ ಬೋರ್ಡ್ ಟ್ರಾಫಿಕ್ ಇಳಿಯಲಿ ಅನ್ನಬೇಡಿ. ಅರ್ಧ ಎಂಎಲ್? ಬೇಡ. ಎರಡೇ ಹನಿ? ಬೇಡ. ಬೇಡ ಅಂದರೆ ಬೇಡ!

ನಿಮ್ಮ ಮನೆ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಬಸುರಿ ಹೆಣ್ಣುಮಕ್ಕಳಿದ್ದರೆ ಈ ವಿಡಿಯೊ ಇವತ್ತೇ ಕಳಿಸಿ. ಅವರ ಗಂಡನಿಗೂ, ಅಮ್ಮನಿಗೂ ಕಳಿಸಿ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಪ್ರಶ್ನೆ ಇದ್ದರೆ ಕೆಳಗೆ ಬರೆಯಿರಿ, ನಾನೇ ಓದುತ್ತೇನೆ. ಕೂಸು ಹಾಲು ಬಿಟ್ಟಿದ್ದರೆ ಮಾತ್ರ ಬರೆಯುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.