ಅಗಲದಲ್ಲಿತ್ತು ಉತ್ತರ: ಆರ್ಮ್‌ಸ್ಟ್ರಾಂಗ್ ಮತ್ತು ಎಫ್.ಎಂ.

ಮಾನ್ಯ ಕೇಳುಗರೇ,

ಮಧ್ಯಮ ತರಂಗದ ಬಾನುಲಿಯನ್ನು ಕೇಳಿ ಬೆಳೆದವರಿಗೆ, ಗುಡುಗು ಮಿಂಚಿನ ಸಂಜೆ ವಾರ್ತೆಯ ನಡುವೆ ನುಗ್ಗುತ್ತಿದ್ದ ಕರಕರ ಸದ್ದು ಚೆನ್ನಾಗಿ ನೆನಪಿರಬಹುದು. ಆ ಬಾನುಲಿ ಬಳಸುವ ಎ.ಎಂ. ಪದ್ಧತಿಯಲ್ಲಿ ಧ್ವನಿಗೆ ತಕ್ಕಂತೆ ತರಂಗದ ಎತ್ತರ ಹೆಚ್ಚು ಕಡಿಮೆಯಾಗುತ್ತದೆ. ಮಿಂಚು ಕೆಡಿಸುವುದೂ ಆ ಎತ್ತರವನ್ನೇ ಆದ್ದರಿಂದ, ಮಾತು ಯಾವುದು, ಗದ್ದಲ ಯಾವುದು ಎಂದು ರೇಡಿಯೊ ಪೆಟ್ಟಿಗೆಗೆ ತಿಳಿಯುವುದಿಲ್ಲ.

ಎತ್ತರವನ್ನು ಹಾಗೆಯೇ ಬಿಟ್ಟು ಕಂಪನಾಂಕವನ್ನು, ಅಂದರೆ ತರಂಗ ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆಂಬುದನ್ನು, ಏರಿಳಿಸುವ ಆಲೋಚನೆ ಹಳೆಯದೇ; ಅದೇ ಎಫ್.ಎಂ. ಆದರೆ ಆ ಏರಿಳಿತ ಆದಷ್ಟು ಕಿರಿದಾಗಿರಬೇಕೆಂದು ತಜ್ಞರು ಎಣಿಸಿದ್ದರು. ಅಂಥ ಕಿರಿದಾದ ಪ್ರಸಾರದಿಂದ ಲಾಭವಿಲ್ಲವೆಂದು ಅಮೆರಿಕದ ಎಂಜಿನಿಯರ್ ಜಾನ್ ಕಾರ್ಸನ್ 1922ರಲ್ಲಿ ಗಣಿತದಿಂದಲೇ ತೋರಿಸಿದ ಮೇಲೆ, ವಿಷಯ ಅಲ್ಲಿಗೆ ಮುಗಿಯಿತೆಂದು ಬಹುಮಂದಿ ಕೈಬಿಟ್ಟರು. ಕಿರಿದಾದ ಪ್ರಸಾರದ ಮಟ್ಟಿಗೆ ಕಾರ್ಸನ್ ಲೆಕ್ಕ ತಪ್ಪಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಎಡ್ವಿನ್ ಹೋವರ್ಡ್ ಆರ್ಮ್‌ಸ್ಟ್ರಾಂಗ್, ಮೊದಲ ಮಹಾಯುದ್ಧದ ಕಾಲದಲ್ಲೇ ಸೂಪರ್‌ಹೆಟರೊಡೈನ್ ಎಂಬ ಬಗೆಯ ರಿಸೀವರನ್ನು (ರೇಡಿಯೊ ಪೆಟ್ಟಿಗೆಯನ್ನು) ರೂಪಿಸಿ ಹೆಸರಾಗಿದ್ದವರು. ಅವರು ಏರಿಳಿತವನ್ನು ಕಿರಿದಾಗಿಸುವ ಬದಲು ಬಹಳ ಅಗಲವಾಗಿಸಿದರು. ರಿಸೀವರಿನೊಳಗೆ ತರಂಗದ ಎತ್ತರದ ವ್ಯತ್ಯಾಸವನ್ನೆಲ್ಲ ಕತ್ತರಿಸಿ ಹಾಕಿದರು. ಮಿಂಚಿನ ಗದ್ದಲವೂ ಬಹುಪಾಲು ಅದರೊಡನೆ ಹೋಯಿತು. 1933ರ ಡಿಸೆಂಬರ್ 26ರಂದು ಅವರಿಗೆ ಪೇಟೆಂಟುಗಳು ದೊರೆತವು.

1935ರ ನವೆಂಬರ್ 5ರಂದು ನ್ಯೂಯಾರ್ಕಿನಲ್ಲಿ ರೇಡಿಯೊ ಎಂಜಿನಿಯರುಗಳ ಸಭೆಯಲ್ಲಿ ಅವರು ಪ್ರಬಂಧ ಓದಿದರು. ಬಳಿಕ, ಯಾಂಕರ್ಸ್‌ನಲ್ಲಿದ್ದ ಹವ್ಯಾಸಿ ರೇಡಿಯೊ ಪ್ರಸಾರಕ ಗೆಳೆಯ ರನ್ಯನ್ ಅವರ ಮನೆಯಿಂದ ಪ್ರಸಾರ ಆರಂಭವಾಯಿತು. ಲೋಟಕ್ಕೆ ನೀರು ಸುರಿದದ್ದು, ಕಾಗದ ಮುದುರಿ ಹರಿದದ್ದು ಸಭೆಗೆ ಸ್ಪಷ್ಟವಾಗಿ ಕೇಳಿಸಿತು. ಸಂಗೀತವೂ ಇತ್ತು, ಆದರೆ ಅಷ್ಟು ಸಣ್ಣ ಸದ್ದು ಉಳಿದು ಬಂದದ್ದೇ ನನಗೆ ದೊಡ್ಡ ಸಾಕ್ಷಿಯಾಗಿ ತೋರುತ್ತದೆ.

ಆದರೆ ವ್ಯಾಪಾರದ ಲೆಕ್ಕವೇ ಬೇರೆ. ಎಂಪೈರ್ ಸ್ಟೇಟ್ ಕಟ್ಟಡದಲ್ಲಿ ಪ್ರಯೋಗಕ್ಕೆ ಜಾಗ ಕೊಟ್ಟಿದ್ದ ಆರ್.ಸಿ.ಎ. ಎಂಬ ದೊಡ್ಡ ರೇಡಿಯೊ ಕಂಪನಿಯ ಒಲವು ಟೆಲಿವಿಷನ್ನಿನತ್ತ ಇತ್ತು. 1935ರಲ್ಲಿ ಆ ಜಾಗವನ್ನು ತೆರವು ಮಾಡಿಸಿತು. ಆರ್ಮ್‌ಸ್ಟ್ರಾಂಗ್ ಸ್ವಂತ ಹಣದಿಂದ ನ್ಯೂಜೆರ್ಸಿಯ ಆಲ್ಪೈನ್‌ನಲ್ಲಿ ಕೇಂದ್ರ ಕಟ್ಟಿದರು. 1941ರ ಜನವರಿಯಿಂದ ವಾಣಿಜ್ಯ ಎಫ್.ಎಂ.ಗೆ ಅನುಮತಿ ಸಿಕ್ಕಿತು. 42ರಿಂದ 50 ಮೆಗಾಹರ್ಟ್ಸ್ ಕಂಪನಾಂಕದ ಪಟ್ಟಿಯಲ್ಲಿ ಕೇಂದ್ರಗಳು ತಲೆ ಎತ್ತತೊಡಗಿದವು.

1945ರಲ್ಲಿ ಅಲ್ಲಿನ ಸಂಪರ್ಕ ಆಯೋಗವು, ರೇಡಿಯೊ ತರಂಗಗಳನ್ನು ಹಿಂದಿರುಗಿಸಬಲ್ಲ ಮೇಲಿನ ವಾತಾವರಣದ ಪದರವಾದ ಅಯಾನುಗೋಳದಿಂದ ತೊಂದರೆ ಬರಬಹುದೆಂಬ ಕಾರಣ ಮುಂದಿಟ್ಟು, ಎಫ್.ಎಂ. ಅನ್ನು 88ರಿಂದ 108 ಮೆಗಾಹರ್ಟ್ಸ್‌ಗೆ ಸ್ಥಳಾಂತರಿಸಲು ತೀರ್ಮಾನಿಸಿತು. ಜನ ಕೊಂಡಿದ್ದ ರಿಸೀವರುಗಳು ಹೊಸ ಪಟ್ಟಿಗೆ ನಿರುಪಯುಕ್ತವಾದವು. ಕೇಂದ್ರಗಳೂ ಹೊಸ ಟ್ರಾನ್ಸ್‌ಮಿಟರುಗಳಿಗೆ ಹಣ ಹೂಡಬೇಕಾಯಿತು. ಈ ಹೊಸ ಪಟ್ಟಿಯೇ ಮುಂದೆ ಬಹುಪಾಲು ಜಗತ್ತಿನಲ್ಲಿ ನೆಲೆಗೊಂಡಿತೆಂಬುದೂ ನಿಜ. ಬೆಂಗಳೂರಿನ ಆಕಾಶವಾಣಿಯ 101.3 ಕೂಡ ಅದರಲ್ಲೇ ಇದೆ. ಆದರೆ ಆಗ ಎಫ್.ಎಂ. ವರ್ಷಗಟ್ಟಲೆ ಹಿಂದೆ ಬಿದ್ದಿತು.

ಪೇಟೆಂಟಿನ ಗೌರವಧನ ಕೊಡದ ಆರ್.ಸಿ.ಎ. ಮೇಲೆ ಆರ್ಮ್‌ಸ್ಟ್ರಾಂಗ್ 1948ರಲ್ಲಿ ಮೊಕದ್ದಮೆ ಹೂಡಿದರು. ಅದು ಎಳೆದಾಡಿ ಅವರ ಹಣವನ್ನೂ ಆರೋಗ್ಯವನ್ನೂ ತಿಂದುಹಾಕಿತು. ತೀರ್ಪು ಬರುವ ಮೊದಲೇ, 1954ರಲ್ಲಿ ಅವರು ತಮ್ಮ ಬದುಕನ್ನು ಕೊನೆಗೊಳಿಸಿಕೊಂಡರು. ಪತ್ನಿ ಮೇರಿಯನ್ ಆರ್.ಸಿ.ಎ. ಜೊತೆ ರಾಜಿ ಮಾಡಿಕೊಂಡು, ಉಳಿದ ಕಂಪನಿಗಳ ವಿರುದ್ಧ ಹೋರಾಟ ಮುಂದುವರಿಸಿದರು. ಮೋಟೊರೋಲಾ ವಿರುದ್ಧದ ಕೊನೆಯ ಮೊಕದ್ದಮೆ 1967ರಲ್ಲಿ ಅವರ ಪರವಾಗಿ ಮುಗಿಯಿತು.